ಮೈನಸ್ 20ರ ಚಳಿಯಲ್ಲಿ ಹಳೇ ಮಿಲಿಟರಿ ಲಾರಿ

ಇವತ್ತಿನ ವಿಷಯ ಎಂ35ಎ2. ಅಮೆರಿಕ ಸೇನೆಯ ಎರಡೂವರೆ ಟನ್ನಿನ ಲಾರಿ. ಹತ್ತು ಟೈರು, ಮೂರು ಆಕ್ಸಲ್, ಮೂರಕ್ಕೂ ಡ್ರೈವ್. ವಿಯೆಟ್ನಾಂ ಯುದ್ಧದಲ್ಲಿ ದುಡಿದ ಈ ಗಾಡಿಗಳನ್ನ ಸೇನೆ ಆಮೇಲೆ ಹರಾಜು ಹಾಕಿತು. ಈಗ ಅಮೆರಿಕದ ಮಿನೆಸೋಟ, ಮೊಂಟಾನದಂಥ ಕಡೆ ಹವ್ಯಾಸಿಗಳ ಹತ್ತಿರ ಇವೆ, ಕೆಲವು ಸಣ್ಣ ಊರುಗಳ ಅಗ್ನಿಶಾಮಕ ದಳಗಳಲ್ಲೂ ಇವೆ. ಅಲ್ಲಿ ಎಷ್ಟೋ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್, ಕೆಲವೊಮ್ಮೆ ಇನ್ನೂ ಕೆಳಗೆ. ಅಂಥ ಬೆಳಿಗ್ಗೆ ಈ ಗಾಡಿನ ಹೇಗೆ ಎಬ್ಬಿಸೋದು?

ಮೊದಲು ಒಳಗೇನಾಗುತ್ತೆ ನೋಡೋಣ. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನ ಜೋರಾಗಿ ಒತ್ತಿದಾಗ ಅದು ಕಾಯುತ್ತೆ, ಆ ಕಾವಿಗೆ ಡೀಸೆಲ್ ಹೊತ್ತಿಕೊಳ್ಳುತ್ತೆ. ಎಂ35ಎ2ದು 7.8 ಲೀಟರಿನ, ಆರು ಸಿಲಿಂಡರಿನ ಮಲ್ಟಿಫ್ಯೂಯೆಲ್ ಇಂಜಿನ್. ಗಾಳಿಯನ್ನ ಸುಮಾರು 22ರಲ್ಲಿ ಒಂದು ಪಾಲಿಗೆ ಒತ್ತುತ್ತೆ. ಅಷ್ಟು ಸಾಲಬೇಕಲ್ಲ? ಸಾಲಲ್ಲ. ಹೆಪ್ಪುಗಟ್ಟಿದಂತಿರೋ ಸಿಲಿಂಡರಿನ ಕಬ್ಬಿಣದ ಗೋಡೆಗಳು ಕಾವನ್ನೆಲ್ಲ ಹೀರ್ಕೊಂಡುಬಿಡ್ತವೆ. ಆಯಿಲ್ ಮಂದವಾಗಿ ಇಂಜಿನ್ ತಿರುಗೋದೇ ನಿಧಾನ. ಬ್ಯಾಟರಿಯಲ್ಲೂ ಅರ್ಧದಷ್ಟೇ ಶಕ್ತಿ. ಇಂಜಿನ್ ನಿಧಾನಕ್ಕೆ ತಿರುಗಿದಷ್ಟೂ ಕಾವು ಸೋರಿಹೋಗೋಕೆ ಹೊತ್ತು ಸಿಗುತ್ತೆ. ಹಾಗಾಗಿ ನನ್ನ ಪ್ರಕಾರ ಚಳಿಯ ಸ್ಟಾರ್ಟಿಂಗ್ ಅಂದ್ರೆ ಸೆಲ್ಫ್ ಎಷ್ಟು ಹೊತ್ತು ಒತ್ತಿದ್ರಿ ಅನ್ನೋದಲ್ಲ, ಇಂಜಿನ್ ಎಷ್ಟು ಬಿರುಸಾಗಿ ತಿರುಗ್ತು ಅನ್ನೋದು.

ಆ ಬಿರುಸು ಬೆಳಿಗ್ಗೆ ಬರಲ್ಲ, ಹಿಂದಿನ ದಿನ ಸಂಜೆ ತಯಾರು ಮಾಡ್ಬೇಕು. ಎರಡು 12 ವೋಲ್ಟ್ ಬ್ಯಾಟರಿ ಸೇರಿ 24 ವೋಲ್ಟ್ ಆಗೋ ಗಾಡಿ ಇದು. ಒಂದು ಸೋತ್ರೆ ಇನ್ನೊಂದೂ ಕೆಲಸಕ್ಕೆ ಬರಲ್ಲ. ಎರಡೂ ಪೂರ್ತಿ ಚಾರ್ಜ್ ಆಗಿರಲಿ. ತುಂಬಿದ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟಲ್ಲ, ಖಾಲಿಯಾದದ್ದು ಮೈನಸ್ 10ರ ಆಸುಪಾಸಲ್ಲೇ ಹೆಪ್ಪುಗಟ್ಟಿ ಒಡೆಯುತ್ತೆ. ಕರೆಂಟ್ ಇರೋ ಕಡೆ ಇಂಜಿನ್ ಬೆಚ್ಚಗಿಡೋ ಬ್ಲಾಕ್ ಹೀಟರ್ ಹಾಕಿಸಿ, ರಾತ್ರಿ ಪ್ಲಗ್ ಚುಚ್ಚಿಡಿ. ಇಷ್ಟು ಮಾಡಿದ್ರೆ ಮುಕ್ಕಾಲು ಪಾಲು ತೊಂದರೆ ಮುಗಿದ ಹಾಗೆ. ಬಾನೆಟ್ ಮೇಲೆ ದಪ್ಪ ಹೊದಿಕೆಯೂ ಇರಲಿ. ಬೀಸೋ ಗಾಳಿ ಕಬ್ಬಿಣವನ್ನ ವಾತಾವರಣಕ್ಕಿಂತ ತಣ್ಣಗೆ ಮಾಡಲ್ಲ, ಬೇಗ ತಣ್ಣಗೆ ಮಾಡುತ್ತೆ ಅಷ್ಟೇ. ಆದ್ರೆ ಹೀಟರ್ ಕೊಟ್ಟ ಕಾವನ್ನ ಅದೇ ಗಾಳಿ ಹೊತ್ತುಕೊಂಡು ಹೋಗುತ್ತೆ.

ಇನ್ನು ಡೀಸೆಲ್. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಗಟ್ಟಿಯಾಗುತ್ತಲ್ಲ, ಹಾಗೇ ಡೀಸೆಲ್‌ನಲ್ಲಿರೋ ಮೇಣ ಹರಳುಗಟ್ಟಿ ಫಿಲ್ಟರ್ ಮುಚ್ಚಿಬಿಡುತ್ತೆ. ಇಂಜಿನ್ ಸ್ಟಾರ್ಟ್ ಆಗಿ, ಹತ್ತು ನಿಮಿಷ ಓಡಿ, ರಸ್ತೆ ಮಧ್ಯೆ ನಿಂತ್ರೆ ಮೊದಲು ಅನುಮಾನಪಡಬೇಕಾದ್ದು ಇದನ್ನೇ. ಈ ತೊಂದರೆ ನಮಗೂ ಹೊಸದಲ್ಲ. ಲಡಾಖ್‌ಗೆ ಅಂತಲೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿವರೆಗೂ ಹರಿಯೋ ಚಳಿಗಾಲದ ಡೀಸೆಲ್ ತಂತು. ಮಲ್ಟಿಫ್ಯೂಯೆಲ್ ಇಂಜಿನ್‌ಗೆ ಇಲ್ಲೊಂದು ಅನುಕೂಲ ಇದೆ: ಸೀಮೆಎಣ್ಣೆ ಬೆರೆಸಿದ್ರೂ ಗೊಣಗಲ್ಲ, ಬೇರೆ ಬೇರೆ ಇಂಧನ ಉರಿಸೋಕೆ ಅಂತಲೇ ಅದನ್ನ ಕಟ್ಟಿದ್ದು. ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಇದ್ರೆ ಅಲ್ಲಿ ತೇವ ಕೂತು ನೀರಾಗುತ್ತೆ. ಫಿಲ್ಟರ್ ಕೆಳಗಿನ ಡ್ರೈನ್ ಬಿಚ್ಚಿ ಆ ನೀರು ಹೊರಗೆ ಬಿಡಿ.

ಈಗ ಕ್ಯಾಬಿನ್ ಹತ್ತೋಣ. ಇದಕ್ಕೆ ಕೀ ಇಲ್ಲ, ಒಂದು ಸ್ವಿಚ್ ಅಷ್ಟೇ. ಸ್ಟಾಪ್ ನಾಬ್ ಪೂರ್ತಿ ಒಳಗಿದೆಯಾ ನೋಡ್ಕೊಳ್ಳಿ, ಹೊರಗಿದ್ರೆ ಇಂಜಿನ್‌ಗೆ ಡೀಸೆಲ್ಲೇ ಹೋಗಲ್ಲ. ಹ್ಯಾಂಡ್ ಥ್ರಾಟಲ್ ಸ್ವಲ್ಪ ಎಳೀರಿ, ಕ್ಲಚ್ ಒತ್ತಿ. ಕ್ಲಚ್ ಒತ್ತಿದ್ರೆ ಗೇರ್‌ಬಾಕ್ಸಿನ ಮಂದ ಆಯಿಲನ್ನ ಸೆಲ್ಫ್ ಕಲಕಬೇಕಾಗಿಲ್ಲ. ಡ್ಯಾಶ್‌ಬೋರ್ಡಲ್ಲಿ ಫ್ಲೇಮ್ ಹೀಟರ್ ಅಂತ ಇನ್ನೊಂದು ಸ್ವಿಚ್ ಇರುತ್ತೆ. ಅದು ಇಂಜಿನ್‌ಗೆ ಗಾಳಿ ಹೋಗೋ ದಾರಿಯಲ್ಲೇ ಚೂರು ಡೀಸೆಲ್ ಚಿಮ್ಮಿಸಿ, ಸ್ಪಾರ್ಕ್ ಪ್ಲಗ್‌ನಿಂದ ಹೊತ್ತಿಸಿ, ಬಿಸಿ ಗಾಳಿ ಒಳಗೆ ಕಳಿಸುತ್ತೆ. ಅದನ್ನ ಹಿಡ್ಕೊಂಡೇ ಸೆಲ್ಫ್ ಒತ್ತಿ, 15 ಸೆಕೆಂಡಿಗಿಂತ ಹೆಚ್ಚು ಬೇಡ. ಹಿಡೀಲಿಲ್ಲ ಅಂದ್ರೆ ಸೆಲ್ಫ್ ಆರೋಕೆ ಬಿಡಿ, ಆಮೇಲೆ ಮತ್ತೆ. ಬಿಳಿ ಹೊಗೆ ಬಂತಾ? ಒಳ್ಳೇದು, ಡೀಸೆಲ್ ಒಳಗೆ ಹೋಗ್ತಿದೆ ಅಂತ ಅರ್ಥ. ಒಂದೆರಡು ಸಿಲಿಂಡರ್ ಮೊದಲು ಹಿಡಿದು, ಗಾಡಿಯೆಲ್ಲ ಅದುರಿ, ಆಮೇಲೆ ಉಳಿದವು ಜೊತೆಗೂಡ್ತವೆ. ಶಬ್ದ ಒಂದೇ ಸಮ ಆಗೋವರೆಗೂ ಹೀಟರ್ ಸ್ವಿಚ್ ಬಿಡಬೇಡಿ.

ಈಥರ್ ಸ್ಪ್ರೇ ವಿಷಯ ಕಟ್ಟುನಿಟ್ಟಾಗಿ ಹೇಳ್ತೀನಿ: ಈ ಇಂಜಿನ್‌ಗೆ ಹೊಡೀಲೇಬೇಡಿ. ಗಾಳಿ ಹೋಗೋ ದಾರಿಯಲ್ಲಿ ಬೆಂಕಿ ಉರೀತಾ ಇರುವಾಗ ಈಥರ್ ಹೊಡೆದ್ರೆ ಅಲ್ಲೇ ಸಿಡಿಯುತ್ತೆ. ಫ್ಲೇಮ್ ಹೀಟರ್ ಆಫ್ ಇದ್ರೂ ಈಥರ್ ಅವಧಿಗೆ ಮುಂಚೆ ಹೊತ್ತಿ ಪಿಸ್ಟನ್ ರಿಂಗ್ ಮುರಿಯಬಹುದು. ಐವತ್ತು ವರ್ಷ ಬಾಳಿದ ಇಂಜಿನ್‌ನ ಒಂದು ಬೆಳಗಿನ ಅವಸರಕ್ಕೆ ಬಲಿ ಕೊಡಬಾರದು.

ಸ್ಟಾರ್ಟ್ ಆಯ್ತು. ಹಳೇ ಗಾಡಿಗಳು ಹೆಚ್ಚು ಪೆಟ್ಟು ತಿನ್ನೋದು ಇಲ್ಲಿಂದ ಮುಂದೆ. ಸುಮ್ಮನೆ ಐಡಲ್‌ನಲ್ಲಿ ಅರ್ಧ ಗಂಟೆ ಬಿಟ್ರೆ ಇಂಜಿನ್ ಕಾಯಲ್ಲ. ಅರೆಬರೆ ಉರಿದ ಡೀಸೆಲ್ ಸಿಲಿಂಡರ್ ಗೋಡೆಯ ಆಯಿಲನ್ನ ತೊಳೆದು ಕೆಳಗಿಳಿಯುತ್ತೆ, ಸೈಲೆನ್ಸರ್ ಕೊಳವೆಯ ಜಾಯಿಂಟಿಂದ ಕಪ್ಪಗೆ ಜಿನುಗುತ್ತೆ. ಹ್ಯಾಂಡ್ ಥ್ರಾಟಲ್‌ನಿಂದ ಸಾವಿರ ಆರ್‌ಪಿಎಂ ದಾಟಿಸಿ, ಆಯಿಲ್ ಪ್ರೆಶರ್ ನೋಡಿ. ಬ್ರೇಕಿನ ಗಾಳಿ ಸುಮಾರು 60 ಪಿಎಸ್‌ಐ ದಾಟೋವರೆಗೂ ಬಜರ್ ಬಡ್ಕೋತಾ ಇರುತ್ತೆ, ಅದು ನಿಲ್ಲದೆ ಗಾಡಿ ಕದಲಿಸಬೇಡಿ. ನಿಂತ ಮೇಲೆ ಸಣ್ಣ ಗೇರಲ್ಲಿ ಮೆಲ್ಲಗೆ ಹೊರಡಿ. ಇಂಜಿನ್ ಕಾದಿದ್ರೂ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮೂರು ಡಿಫರೆನ್ಷಿಯಲ್ ಇನ್ನೂ ಮರಗಟ್ಟಿರ್ತವೆ, ಓಡಿಸದೆ ಅವು ಕಾಯಲ್ಲ. ಮೊದಲ ಕಿಲೋಮೀಟರಲ್ಲೇ ಎರಡು ಮೂರು ಸಲ ಬ್ರೇಕ್ ಒತ್ತಿ ನೋಡಿ.

ವಾಪಸ್ ಬಂದ ತಕ್ಷಣ ಸ್ಟಾಪ್ ನಾಬ್ ಎಳೀಬೇಡಿ. ಟರ್ಬೊ ಇರೋ ಇಂಜಿನ್ ಆದ್ರೆ ಅದು ತಣಿಯೋಕೆ ಎರಡು ಮೂರು ನಿಮಿಷ ಕೊಡಿ. ಗಾಡಿ ಹಲಗೆ ಮೇಲೆ ನಿಲ್ಲಲಿ, ಕೆಸರಲ್ಲಿ ನಿಲ್ಲಿಸಿದ್ರೆ ಬೆಳಿಗ್ಗೆಗೆ ಟೈರು ನೆಲಕ್ಕೆ ಅಂಟಿರುತ್ತೆ. ಕೊನೆಗೆ ಏರ್ ಟ್ಯಾಂಕಿನ ಡ್ರೈನ್ ತೆರೆದು ನೀರೆಲ್ಲ ಹೋಗೋವರೆಗೂ ಬಿಡಿ. ಆ ನೀರು ಒಳಗೇ ಉಳಿದು ಪೈಪಲ್ಲೋ ವಾಲ್ವಲ್ಲೋ ಹೆಪ್ಪುಗಟ್ಟಿದ್ರೆ, ನಾಳೆ ಇಂಜಿನ್ ಚೆನ್ನಾಗಿ ಓಡ್ತಿದ್ರೂ ಬ್ರೇಕಿಗೆ ಗಾಳಿಯ ಬಲ ಸಿಗಲ್ಲ.