ಬಯಲಿನ ಸಂಗೀತ



ಸಂಗೀತವನ್ನು ಮನೆಯಲ್ಲಿಯೇ ಕುಳಿತು ಕೇಳುವ ಅನುಕೂಲವು ಇಂದು ಬಹುಮಟ್ಟಿಗೆ ಎಲ್ಲರಿಗೂ ಉಂಟು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದಾಗ, ಅದನ್ನು ಕೇಳಬಲ್ಲ ಪೆಟ್ಟಿಗೆಗಳು ಕೆಲವರ ಮನೆಗಳಲ್ಲಿ ಮಾತ್ರ ಇದ್ದುವು. ಈಗಲಾದರೋ ಗದ್ದೆಗೆ ನೀರು ತಿರುವುವ ರೈತನ ಜೇಬಿನಲ್ಲಿಯೂ ಒಂದು ಯಂತ್ರವಿದೆ. ಅವನು ಬಯಸಿದ ಹಾಡು ಬಯಸಿದ ಗಳಿಗೆಯಲ್ಲಿ ಅವನ ಕಿವಿಗೆ ಬೀಳುತ್ತದೆ. ಹೀಗಿರುವಾಗ, ಮಳೆ ಬಂದೀತೋ ಎಂದು ಆಕಾಶವನ್ನು ನೋಡುತ್ತ, ಮಣ್ಣಿನ ನೆಲದ ಮೇಲೆ ಹಾಸಿದ ಜಮಖಾನೆಯಲ್ಲಿ ಕಾಲು ಮಡಿಸಿಕೊಂಡು ಹಾಡು ಕೇಳುವುದಕ್ಕೆ ಜನರು ಏಕೆ ಹೋಗುತ್ತಾರೆ? ಒಂದು ಸಲ ಹೋಗಿ ಬಂದವರು ಮರುವರ್ಷವೂ ಏಕೆ ಹೋಗುತ್ತಾರೆ? ಮೊದಲನೆಯ ಪ್ರಶ್ನೆಗೆ ಕುತೂಹಲವೆಂದು ಉತ್ತರ ಹೇಳಬಹುದು. ಎರಡನೆಯದಕ್ಕೆ ಆ ಉತ್ತರ ಸಾಲದು. ಆ ಎರಡನೆಯ ಪ್ರಶ್ನೆಯನ್ನೇ ಈ ಹೊತ್ತು ತಮ್ಮ ಮುಂದೆ ಸ್ವಲ್ಪ ವಿಚಾರಮಾಡಬೇಕೆಂದು ನಮ್ಮ ಇಚ್ಛೆ.

ಇದಕ್ಕೆ ದೃಷ್ಟಾಂತವಾಗಿ ಶ್ರೀರಂಗಪಟ್ಟಣದ ದಸರೆಯನ್ನು ತೆಗೆದುಕೊಳ್ಳೋಣ. ದಸರೆಯೆಂದೊಡನೆ ಮೈಸೂರೇ ಎಲ್ಲರ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಮೈಸೂರ ಅರಸರ ದಸರೆ ಮೊದಲಾದದ್ದು ಕಾವೇರಿಯ ನಡುವಿನ ಈ ದ್ವೀಪದಲ್ಲಿ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶಮಾಡಿಕೊಂಡು, ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ಇಲ್ಲಿ ನೆಲೆಗೊಳಿಸಿದರು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1648ರಲ್ಲಿ, ಗೋವಿಂದವೈದ್ಯನು ಬರೆದ ಸಾಂಗತ್ಯಕಾವ್ಯದಲ್ಲಿ ಈ ಊರಿನ ನವರಾತ್ರಿಯ ವೈಭವವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಸಾಂಗತ್ಯವೆಂಬುದೇ ಹಾಡಿಗೆ ಒಗ್ಗುವ ಛಂದಸ್ಸೆಂಬುದನ್ನು ತಾವು ಬಲ್ಲಿರಿ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿ ‘ಗೀತಗೋಪಾಲ’ವೆಂಬ ಗೇಯಕೃತಿಯುಂಟು; ಅವರ ಅರಮನೆಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮನೂ ಸಾಂಗತ್ಯವನ್ನೇ ಆರಿಸಿಕೊಂಡಳು. ಹೀಗೆ ಹಾಡಿನಲ್ಲಿ ನೆನೆದ ನೆಲ ಇದು. 1799ರಲ್ಲಿ ಟಿಪ್ಪು ಸುಲ್ತಾನನು ಕಾಳಗದಲ್ಲಿ ಮಡಿದ ಮೇಲೆ ರಾಜಧಾನಿಯು ಮೈಸೂರಿಗೆ ಹೋಯಿತು. ಅದರೊಡನೆ ದಸರೆಯೂ ಹೋಯಿತು. ಈಚಿನ ವರ್ಷಗಳಲ್ಲಿ ಸರ್ಕಾರದ ಆಶ್ರಯದಲ್ಲಿ ಅದು ಈ ಊರಿಗೆ ಮರಳಿ ಬಂದಿದೆ. ಮೈಸೂರಿನದು ಹತ್ತು ದಿನದ ಹಬ್ಬವಾದರೆ ಇಲ್ಲಿನದು ಕೆಲವೇ ದಿನಗಳದು. ಕಿರಂಗೂರಿನ ಹಳೆಯ ಬನ್ನಿಮಂಟಪದಿಂದ ಆನೆಯ ಮೇಲೆ ಚಾಮುಂಡೇಶ್ವರಿಯ ಮೂರ್ತಿಯನ್ನು ಬಿಜಯಮಾಡಿಸಿಕೊಂಡು ಮೆರವಣಿಗೆ ಹೊರಡುತ್ತದೆ. ಹೊತ್ತು ಮುಳುಗಿದ ಮೇಲೆ ಬಯಲಿನ ವೇದಿಕೆಯಲ್ಲಿ ಹಾಡು ಕುಣಿತಗಳು ನಡೆಯುತ್ತವೆ.

ಈ ಚಿಕ್ಕ ಹಬ್ಬಕ್ಕೆ ನಾವು ಒಂದಕ್ಕಿಂತ ಹೆಚ್ಚು ಸಲ ಹೋಗಿದ್ದೇವೆ. ಮೊದಲ ಸಲ ಹೋದವನು ಎಲ್ಲವನ್ನೂ ಒಂದೇ ಬೆರಗಿನಿಂದ ನೋಡುತ್ತಾನೆ. ಆನೆ, ದೀಪ, ಜನ, ಹಾಡು, ಕಡಲೆಕಾಯಿಯ ಗಾಡಿ, ಎಲ್ಲವೂ ಅವನಿಗೆ ಒಂದೇ ಚಿತ್ರ. ಎರಡನೆಯ ಸಲ ಹೋದವನಿಗೆ ಆ ಚಿತ್ರ ಬಿಡಿಬಿಡಿಯಾಗಿ ಕಾಣತೊಡಗುತ್ತದೆ. ಯಾವ ಮೂಲೆಯಲ್ಲಿ ಕುಳಿತರೆ ದನಿ ಹದವಾಗಿ ಕೇಳುತ್ತದೆ, ಹೊಳೆಯ ಗಾಳಿ ಯಾವ ಹೊತ್ತಿಗೆ ತಿರುಗುತ್ತದೆ ಎಂಬುದು ಅವನಿಗೆ ತಿಳಿದಿರುತ್ತದೆ. ಅದಕ್ಕಿಂತಲೂ ಮುಖ್ಯವಾದದ್ದು ಮತ್ತೊಂದುಂಟು: ಹೋದ ಸಲ ಇದ್ದದ್ದು ಈ ಸಲ ಇಲ್ಲವೆಂಬುದು ಅವನಿಗೆ ಗೊತ್ತಾಗುತ್ತದೆ.

ಬಯಲಿನಲ್ಲಿ ಕೇಳುವುದಕ್ಕೂ ಮಂದಿರದಲ್ಲಿ ಕೇಳುವುದಕ್ಕೂ ಇರುವ ಭೇದವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸಭಾಮಂದಿರದಲ್ಲಿ ಗೋಡೆಗಳೂ ಮೇಲ್ಛಾವಣಿಯೂ ದನಿಯನ್ನು ನಮ್ಮ ಕಡೆಗೆ ಹಿಂದಿರುಗಿಸಿ ಅದಕ್ಕೆ ಪುಷ್ಟಿಕೊಡುತ್ತವೆ. ಬಯಲಿನಲ್ಲಿ ಆ ನೆರವಿಲ್ಲ. ಹೊರಟ ದನಿ ಹೊರಟೇ ಹೋಗುತ್ತದೆ. ದನಿಯು ಒಂದು ಸೆಕೆಂಡಿಗೆ ಸುಮಾರು 340 ಮೀಟರಿನಷ್ಟು ದೂರ ಸಾಗುತ್ತದೆ. ಆದಕಾರಣ ಮೆರವಣಿಗೆಯನ್ನು ಗದ್ದೆಗಳ ಆಚೆಯಿಂದ ನೋಡುವವನಿಗೆ ಮೊದಲು ನಗಾರಿಯ ಮೇಲೆ ಕೋಲು ಬೀಳುವುದು ಕಾಣುತ್ತದೆ. ಅದರ ಸದ್ದು ಒಂದು ಸೆಕೆಂಡು ತಡೆದು ಕೇಳುತ್ತದೆ. ವೀಣೆಯು ಕೋಣೆಯ ವಾದ್ಯ. ಬಯಲಿನಲ್ಲಿ ಯಂತ್ರದ ಸಹಾಯವಿಲ್ಲದೆ ಅದರ ದನಿ ಹತ್ತು ಸಾಲುಗಳನ್ನು ದಾಟುವುದು ಕಷ್ಟ. ನಾಗಸ್ವರವಾದರೋ ಬಯಲಿಗೆಂದೇ ಹುಟ್ಟಿದ್ದು. ಮರದ ಉದ್ದನೆಯ ಕೊಳವೆ, ಬಾಯಿಗಿಡುವ ತುದಿಯಲ್ಲಿ ಜೊಂಡಿನ ಎರಡೆಸಳು, ಊದುವವನ ಎದೆಯ ಬಲ ಇವು ಸೇರಿ, ಡೋಲಿನ ಜೊತೆಯಲ್ಲಿ ಬೀದಿಯಿಂದ ಬೀದಿಗೆ ಅದರ ದನಿ ನುಗ್ಗುತ್ತದೆ. ತಮಟೆಯ ವಿಷಯವೂ ಹೀಗೆಯೇ. ಹೊಳೆಯ ದಂಡೆಯ ತಂಪಿಗೆ ಅದರ ಚರ್ಮ ಸಡಿಲವಾಗುತ್ತದೆ. ಆಗ ಬಾರಿಸುವವರು ನಾಲ್ಕು ಹಿಡಿ ಒಣಹುಲ್ಲನ್ನು ಉರಿಸಿ, ತಮಟೆಯನ್ನು ಅದಕ್ಕೆ ಒಡ್ಡಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಒಡ್ಡುತ್ತಾರೆ. ವೇದಿಕೆಯ ಹಿಂದೆ ನಡೆಯುವ ಈ ಶ್ರುತಿಕಾರ್ಯವನ್ನು ಯಾವ ಯಂತ್ರವೂ ನಮ್ಮ ಮನೆಗೆ ತಂದುಕೊಡುವುದಿಲ್ಲ.

ಈ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿಯೂ ಇಂಥ ಬಯಲುಸಂಗೀತಕ್ಕೆ ಬೇರುಗಳುಂಟು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಫಾಲ್ಗುಣದ ವೈರಮುಡಿ ಉತ್ಸವದ ರಾತ್ರಿ ಚೆಲುವನಾರಾಯಣಸ್ವಾಮಿಯು ವಜ್ರದ ಕಿರೀಟವನ್ನು ಧರಿಸಿ ಬೀದಿಗಳಲ್ಲಿ ಬಿಜಯಮಾಡುವಾಗ ನಾಗಸ್ವರವು ಸ್ವಾಮಿಯೊಡನೆ ಸಾಗುತ್ತದೆ. ಅಲ್ಲಿ ಕೇಳುವವನು ನಿಂತಿರುತ್ತಾನೆ, ಸಂಗೀತವು ನಡೆದು ಬರುತ್ತದೆ. ದೂರದಲ್ಲಿ ಎಳೆಯಾಗಿ ಕೇಳಿದ ರಾಗ ಹತ್ತಿರ ಬಂದು, ಮೈಯನ್ನು ತುಂಬಿ, ಮೂಲೆ ತಿರುಗಿ ಕ್ಷೀಣಿಸುತ್ತದೆ. 1905ರಲ್ಲಿ ಈ ಮೇಲುಕೋಟೆಯಲ್ಲಿ ಹುಟ್ಟಿದ ಪು. ತಿ. ನರಸಿಂಹಾಚಾರ್ಯರು ಗೀತನಾಟಕಗಳನ್ನು ಬರೆದದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಕೃಷ್ಣರಾಜಪೇಟೆಯ ಮಗ್ಗುಲಲ್ಲಿರುವ ಹೊಸಹೊಳಲಿನ ಹೊಯ್ಸಳ ದೇವಾಲಯದಲ್ಲಿ ಮೂರು ಗರ್ಭಗೃಹಗಳುಂಟು. ಅವುಗಳಲ್ಲೊಂದರ ದೇವರು ಕೊಳಲೂದುವ ವೇಣುಗೋಪಾಲನು. ಅದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದರು. 1942ರಲ್ಲಿ ಅಚ್ಚಾದ ಅವರ ‘ಮೈಸೂರ ಮಲ್ಲಿಗೆ’ಯ ಪದ್ಯಗಳು, ಸಿ. ಅಶ್ವತ್ಥರಂಥ ಗಾಯಕರ ರಾಗಸಂಯೋಜನೆಯಿಂದ, ಪುಸ್ತಕವನ್ನು ಬಿಟ್ಟು ಬಯಲಿನ ವೇದಿಕೆಗಳಿಗೆ ಇಳಿದು ಬಂದುವು. ಓದುಬರಹವಿಲ್ಲದ ಮುದುಕಿಯೂ ಅವುಗಳ ಪಲ್ಲವಿಗೆ ದನಿಗೂಡಿಸುವುದನ್ನು ನಾವು ಕಂಡಿದ್ದೇವೆ.

ಇನ್ನು ನಾಗಮಂಗಲದ ಮಾತು. ಈ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ, ಅದೇ 1915ರಲ್ಲಿ, ಎಚ್. ಎಲ್. ನಾಗೇಗೌಡರು ಹುಟ್ಟಿದರು. ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದ ಅವರು ಹಳ್ಳಿಯ ಹಾಡುಗಳನ್ನು ಕೂಡಿಹಾಕುವುದನ್ನು ಜೀವನದ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಸ್ಥಾಪಿಸಿದರು. ಅವರು ಇದನ್ನೇಕೆ ಮಾಡಿದರೆಂಬುದು, ಒಂದೇ ಬಯಲಿಗೆ ಎರಡು ಮೂರು ಸಲ ಹೋದವನಿಗೆ ಯಾರೂ ಹೇಳದೆ ತಿಳಿಯುತ್ತದೆ.

ಹೇಗೆಂದರೆ: ನಾವು ಮೊದಲು ಹೋದ ವರ್ಷ, ವೇದಿಕೆಯ ಮೇಲೆ ಸೋಬಾನೆಯ ಪದಗಳನ್ನು ಹಾಡಿದ ಒಂದು ಹೆಂಗಸರ ಮೇಳವಿತ್ತು. ಸೋಬಾನೆಯ ಕ್ರಮ ತಮಗೆ ಗೊತ್ತು. ಒಬ್ಬರು ಸೊಲ್ಲನ್ನು ಎತ್ತಿಕೊಡುತ್ತಾರೆ, ಉಳಿದವರು ಅದನ್ನು ತಿರುಗಿ ಹೇಳುತ್ತಾರೆ. ಎತ್ತಿಕೊಡುತ್ತಿದ್ದವರು ಒಬ್ಬ ವೃದ್ಧೆ. ಅವರ ಮುಂದೆ ಕಾಗದವಿರಲಿಲ್ಲ; ಒಂದು ಪದ ಮುಗಿಯುವಷ್ಟರಲ್ಲಿ ಇನ್ನೊಂದು ಅವರ ಬಾಯಿಗೆ ಬರುತ್ತಿತ್ತು. ಮುಂದಿನ ಸಲ ನಾವು ಹೋದಾಗ ಮೇಳ ಬಂದಿತ್ತು, ಆ ತಾಯಿ ಬಂದಿರಲಿಲ್ಲ. ವಿಚಾರಿಸಲು, ಅವರು ತೀರಿಕೊಂಡರೆಂದು ತಿಳಿಯಿತು. ಎತ್ತಿಕೊಡುವ ಕೆಲಸವನ್ನು ಅವರ ಸೊಸೆ ವಹಿಸಿಕೊಂಡಿದ್ದರು. ಕಂಠ ಚೆನ್ನಾಗಿಯೇ ಇತ್ತು. ಆದರೆ ಕೈಯಲ್ಲಿ ಒಂದು ಬರಹದ ಪುಸ್ತಕವಿತ್ತು, ಪದಗಳು ನಾಲ್ಕೇ ಇದ್ದುವು. “ಅತ್ತೆಮ್ಮನಿಗೆ ರಾತ್ರಿಯೆಲ್ಲಾ ಹಾಡಿದರೂ ಮುಗಿಯುತ್ತಿರಲಿಲ್ಲ ಸ್ವಾಮಿ, ನಮಗೆ ಬರುವುದು ಇಷ್ಟೇ” ಎಂದು ಆಕೆ ಹೇಳಿದರು. ಅಂದು ಹೊಸದಾಗಿ ಬಂದಿದ್ದ ಶ್ರೋತೃಗಳು ಸಂತೋಷದಿಂದ ಕೈತಟ್ಟಿದರು. ಅವರ ಸಂತೋಷದಲ್ಲಿ ಕೊರತೆಯೇನೂ ಇರಲಿಲ್ಲ. ಒಂದು ರಾತ್ರಿಯಷ್ಟು ಉದ್ದವಿದ್ದ ಹಾಡು ನಾಲ್ಕು ಪದಗಳಿಗೆ ಇಳಿದಿದೆಯೆಂಬುದನ್ನು ಅರಿಯಬೇಕಾದರೆ ಹೋದ ಸಲವೂ ಬಂದಿರಬೇಕು.

ಈ ಬಾಬಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಉತ್ಸವಕ್ಕೆ ವೇದಿಕೆ ಬೇಕು, ಹಣ ಬೇಕು, ಕಲಾವಿದರು ಬೇಕು. ಇವು ಒಂದು ಸಲ ಒದಗಬಹುದು. ಆದರೆ ಹಬ್ಬವನ್ನು ವರ್ಷದಿಂದ ವರ್ಷಕ್ಕೆ ಕಟ್ಟುವ ಎಳೆಯು ಮರಳಿ ಬರುವ ಶ್ರೋತೃವಿನ ನೆನಪು. ಹೋದ ವರ್ಷ ತಮಟೆ ಹಿಡಿದವನ ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಹುಡುಗ ಈ ವರ್ಷ ತಾನೇ ಬಾರಿಸುತ್ತಿರುವುದನ್ನು ಅವನು ಗುರುತಿಸಬಲ್ಲ. “ಕೈ ಕುದುರಿದೆಯಪ್ಪಾ” ಎಂದು ಒಂದು ಮಾತು ಹೇಳಬಲ್ಲ. ಆ ಒಂದು ಮಾತಿಗೆ ಶಾಲುಹಾರಗಳಿಗಿಲ್ಲದ ಬೆಲೆಯುಂಟು. ನೂರಾರು ಸಾವಿರ ಜನ ಸೇರುವ ದೊಡ್ಡ ಹಬ್ಬದಲ್ಲಿ ಹಾಡುವವನಿಗೂ ಕೇಳುವವನಿಗೂ ಈ ಪರಿಚಯ ಬೆಳೆಯುವುದು ದುರ್ಲಭ. ಚಿಕ್ಕ ಹಬ್ಬದ ಹಿರಿಮೆ ಇರುವುದು ಈ ಪರಿಚಯದಲ್ಲಿ.

ಇದಕ್ಕೆ ಅಡ್ಡಿಯಾಗುವ ಸಂಗತಿಗಳು ಎರಡು. ಮೊದಲನೆಯದು ಧ್ವನಿವರ್ಧಕದ ಅತಿಯಾದ ಬಳಕೆ. ಸೀಮೆಯ ಒಂದು ಜಾತ್ರೆಯಲ್ಲಿ ನಾಗಸ್ವರದ ಮುಂದೆಯೂ ಧ್ವನಿಗ್ರಾಹಕವನ್ನು ನಿಲ್ಲಿಸಿ ಅದರ ದನಿಯನ್ನು ಹತ್ತು ಪಟ್ಟು ಮಾಡಿದ್ದನ್ನು ಕೇಳಿ ನಾವು ಕಿವಿ ಮುಚ್ಚಿಕೊಂಡು ಎದ್ದುಬಂದೆವು. ಬಯಲಿಗೆಂದೇ ಹುಟ್ಟಿದ ವಾದ್ಯಕ್ಕೆ ಆ ಉಪಕಾರ ಬೇಡ. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದೆಂದು 2000ದ ನಿಯಮಗಳು ವಿಧಿಸುತ್ತವೆ. ಹಬ್ಬಗಳಿಗೆಂದು ವರ್ಷದಲ್ಲಿ 15 ದಿನಗಳಿಗೆ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆಯನ್ನು ಸರ್ಕಾರ ಕೊಡಬಹುದು. ಹೊತ್ತಿಗೆ ಮಿತಿಯನ್ನು ಕಾನೂನು ಹಾಕಬಲ್ಲದು. ರುಚಿಗೆ ಮಿತಿಯನ್ನು ಕೇಳುವವರೇ ಹಾಕಬೇಕು. ಎರಡನೆಯದು, ಹಳ್ಳಿಯ ಮೇಳಗಳನ್ನು ಮೆರವಣಿಗೆಗೆ ಮಾತ್ರ ಕರೆಯುವ ವಾಡಿಕೆ. ಪೂಜಾಕುಣಿತದವನು ದೇವಿಯ ಮೊಗವಿರುವ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು, ಕೈ ತಾಗಿಸದೆ ಕುಣಿಯುತ್ತಾನೆ. ಪಟಕುಣಿತದವನು ಬಣ್ಣದ ಬಟ್ಟೆ ಸುತ್ತಿದ, ತುದಿಯಲ್ಲಿ ಛತ್ರಿಯುಳ್ಳ ಎತ್ತರದ ಗಳುವನ್ನು ಎತ್ತಿ ತಾಳಕ್ಕೆ ಹೆಜ್ಜೆಹಾಕುತ್ತಾನೆ. ಇವರು ನಮ್ಮೆದುರಿಗೆ ಎರಡು ನಿಮಿಷ ಕಂಡು ಮುಂದೆ ಹೋಗುತ್ತಾರೆ. ಪೇಟೆಯಿಂದ ಬಂದ ಗಾಯಕನಿಗೆ ಒಂದೂವರೆ ಗಂಟೆಯ ಕಾಲ ಕೊಡುವವರು, ಇದೇ ನೆಲದ ಸೋಬಾನೆಗೆ ಅರ್ಧಗಂಟೆಯನ್ನಾದರೂ ಕೊಟ್ಟರೆ, ನಾಲ್ಕು ಪದಗಳಿಗೆ ಐದನೆಯದನ್ನು ಸೇರಿಸಬೇಕೆಂಬ ಹುಮ್ಮಸ್ಸು ಹಾಡುವವರಿಗೆ ಬಾರದೆ ಇರಲಾರದು.

ಹಾಗಾದರೆ ನಾಗೇಗೌಡರಂಥವರು ಕೂಡಿಸಿಟ್ಟ ಹಾಡುಗಳು ಸಾಲವೇ ಎಂದು ಕೆಲವರು ಕೇಳಬಹುದು. ಅವರ ಉಪಕಾರ ದೊಡ್ಡದು. ಆ ಸಂಗ್ರಹಗಳಿಲ್ಲದಿದ್ದರೆ ಎಷ್ಟೋ ಪದಗಳ ಗುರುತೂ ಉಳಿಯುತ್ತಿರಲಿಲ್ಲ. ಆದರೆ ಕಣಜದಲ್ಲಿಟ್ಟ ಬೀಜ ಬಿತ್ತನೆಗಾಗಿ ಇರುವುದಷ್ಟೆ. ಅದನ್ನು ಬಿತ್ತತಕ್ಕ ಹೊಲ ಈ ಬಯಲು. ಬೆಳೆ ಬಂದಿತೇ ಇಲ್ಲವೇ ಎಂದು ನೋಡುವವನು ಪ್ರತಿವರ್ಷ ಹೊಲಕ್ಕೆ ಹೋಗಬೇಕು.

ಆದುದರಿಂದ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಆಶ್ವಯುಜ ಮಾಸದಲ್ಲಿ ಶ್ರೀರಂಗಪಟ್ಟಣಕ್ಕಾಗಲಿ, ಫಾಲ್ಗುಣದಲ್ಲಿ ಮೇಲುಕೋಟೆಗಾಗಲಿ, ಅಥವಾ ತಮ್ಮ ಊರಿಗೆ ಹತ್ತಿರವಾದ ಇನ್ನಾವುದಾದರೂ ಸಣ್ಣ ಉತ್ಸವಕ್ಕಾಗಲಿ, ಒಂದು ಸಂಜೆ ಹೋಗಿ ಬನ್ನಿ. ಜೊತೆಯಲ್ಲಿ ಒಂದು ಕಂಬಳಿಯನ್ನೂ ಒಂದು ಕೊಡೆಯನ್ನೂ ಒಯ್ಯಿರಿ. ಆಶ್ವಯುಜದ ಆಕಾಶವನ್ನು ನಂಬುವ ಹಾಗಿಲ್ಲ. ವೇದಿಕೆಗೆ ತೀರ ಸಮೀಪದಲ್ಲಿ, ಧ್ವನಿವರ್ಧಕದ ಬಾಯಿಗೆ ನೇರವಾಗಿ ಕುಳಿತುಕೊಳ್ಳಬೇಡಿ. ಹಾಡಿದವರ ಹೆಸರನ್ನೂ ಅವರ ಊರನ್ನೂ ಕೇಳಿ ತಿಳಿದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮರುವರ್ಷ ಆ ಚೀಟಿಯನ್ನು ಕೈಯಲ್ಲಿ ಹಿಡಿದು ಮತ್ತೆ ಹೋಗಿ, ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ವಿಚಾರಿಸಿ. ಹಾಗೆ ವಿಚಾರಿಸುವವರು ಹತ್ತು ಜನರಿದ್ದರೂ ಸಾಕು, ಹಾಡುವವರಿಗೆ ತಮ್ಮನ್ನು ಎದುರುನೋಡುವವರಿದ್ದಾರೆಂಬ ಭರವಸೆ ಹುಟ್ಟುತ್ತದೆ.