ಮದುವೆಯಾಗಿ ಒಂದು ವರ್ಷ, ಒಂದು ದಿನ

ನಮ್ಮ ಶಿವಗಂಗೆಯಲ್ಲಿ ಪ್ರತಿ ಸಂಕ್ರಾಂತಿಗೂ ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಮದುವೆ. ಬೆಟ್ಟದ ಮೇಲಿಂದ ತಂದ ತೀರ್ಥದಲ್ಲೇ ಧಾರೆ. ಇಂಗ್ಲೆಂಡಿನ ಡನ್‌ಮೋ ಊರಲ್ಲಿ ಹಬ್ಬ ಮದುವೆಗಲ್ಲ, ಮದುವೆ ಆದಮೇಲಿನ ಬಾಳಿಗೆ. ಒಂದು ವರ್ಷ, ಒಂದು ದಿನ ಪಶ್ಚಾತ್ತಾಪ ಪಡದೆ ಬಾಳಿದ್ದೀವಿ ಅಂತ ಊರಮುಂದೆ ಸಾಬೀತು ಮಾಡಿದ್ರೆ ಹಂದಿಮಾಂಸದ ಬಹುಮಾನ!

1952ರ ‘ಮೇಡ್ ಇನ್ ಹೆವನ್’ ಅನ್ನೋ ಬ್ರಿಟಿಷ್ ಕಾಮಿಡಿ ಇದೇ ಪದ್ಧತಿ ಮೇಲಿದೆ. ಬಹುಮಾನಕ್ಕೆ ನಿಂತ ಜೋಡಿಯ ಮನೆಗೆ ಚೆಂದದ ಕೆಲಸದಾಕೆ ಬರ್ತಾಳೆ, ಕಿರಿಕ್ ಶುರು!

ನಕ್ಕಿದ್ದಾಯ್ತು. ಆಮೇಲೆ ಅನ್ನಿಸ್ತು, ನಮ್ಮಲ್ಲಿ ವರ್ಷ ತುಂಬಿದ ಜೋಡಿನ “ಏನಾದ್ರೂ ವಿಶೇಷನಾ?” ಅಂತಾರೆ. “ಚೆನ್ನಾಗಿದ್ದೀರಾ?” ಅಂತ ಯಾರೂ ಕೇಳಲ್ಲ. ಧಾರೆಗೆ ಅಷ್ಟು ಜನ ಬಂದಿದ್ವಲ್ಲ, ಒಬ್ಬರಾದ್ರೂ ಕೇಳೋಣ. ಇವತ್ತೇ ಒಂದು ಫೋನ್ ಮಾಡಿ.