ಪುಟ್ಟುವನ್ನು ಬೆಳೆಸಿದವರು ಯಾರು?



ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ 1918ರ ನಾಟಕ. ಶತಮಾನ ದಾಟಿದ ಈ ಕೃತಿಯನ್ನು ನಾವು ಇಂದಿಗೂ ನಗೆಯೊಂದಿಗೇ ನೆನೆಯುತ್ತೇವೆ. ಅದರ ಮಾತಿನ ಮೋಡಿ ಅಂಥದು. ಆದರೆ ಆ ನಗೆಯ ಅಡಿಯಲ್ಲಿರುವ ಪ್ರಶ್ನೆ ಕಠೋರವಾದದ್ದು: ಮನೆಗೆ ಬೆಂಕಿ ಬಿದ್ದಾಗ ಯಾರು ಏನನ್ನು ಉಳಿಸಿಕೊಳ್ಳುತ್ತಾರೆ?

ಕಥೆ ತಮಗೆ ತಿಳಿದದ್ದೇ. ಒಂದೇ ಮನೆಯ ಇಬ್ಬರು ಹುಡುಗರು. ಪುಟ್ಟು ಪರೀಕ್ಷೆಗಳಲ್ಲಿ ಮುಂದು. ತಂದೆಯ ಕಣ್ಣಿನಲ್ಲಿ ಅವನೇ ಮನೆತನದ ಕೀರ್ತಿ. ಮಾಧು ಓದಿನಲ್ಲಿ ಹಿಂದು, ಮನೆಯವರ ಕಷ್ಟಕ್ಕೆ ಒದಗುವುದರಲ್ಲಿ ಮುಂದು. ಬೆಂಕಿ ತಗುಲಿದಾಗ ಪುಟ್ಟುವಿಗೆ ತನ್ನ ಸರ್ಟಿಫಿಕೇಟುಗಳದೇ ಚಿಂತೆ. ಮನೆಯವರನ್ನು ಕಾಪಾಡಲು ಧಾವಿಸುವವನು ಮಾಧು. ಟೊಳ್ಳು ಯಾವುದು, ಗಟ್ಟಿ ಯಾವುದು ಎಂಬುದು ಆಗ ತಂದೆಗೆ ಅರಿವಾಗುತ್ತದೆ.

ಪುಟ್ಟು ಸ್ವಾರ್ಥಿ ಎಂದು ಜರೆದು ಮನೆಗೆ ಹೋಗುವುದು ಸುಲಭ. ಆದರೆ ಅವನು ಮನೆಯವರನ್ನು ತೊರೆದದ್ದು ಆ ಒಂದು ಗಳಿಗೆಯಲ್ಲಿ ಅಲ್ಲ ಎಂದು ನನ್ನ ಭಾವನೆ. ಅಂಕವೇ ಯೋಗ್ಯತೆ, ಉಳಿದುದೆಲ್ಲ ಇತರರ ಪಾಡು ಎಂಬ ಪಾಠವನ್ನು ಮನೆಯೇ ಅವನಿಗೆ ವರ್ಷಗಟ್ಟಲೆ ಕಲಿಸಿತ್ತು. ಯಾವುದು ಅಮೂಲ್ಯವೆಂದು ಹಿರಿಯರು ತೋರಿಸಿಕೊಟ್ಟರೋ ಅದನ್ನೇ ಅವನು ಬೆಂಕಿಯಿಂದ ಉಳಿಸಲು ಹೊರಟ. ಪುಟ್ಟು ಪಾಠವನ್ನು ತಪ್ಪಾಗಿ ಕಲಿತವನಲ್ಲ. ತಪ್ಪು ಪಾಠವನ್ನು ಚೆನ್ನಾಗಿ ಕಲಿತವನು.

ಕೈಲಾಸಂ ವಿದ್ಯೆಯ ವಿರೋಧಿಯೇನಲ್ಲ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲವು ಕಾಲ ಕೆಲಸ ಮಾಡಿದವರು. ಸರ್ಟಿಫಿಕೇಟಿನ ಬೆಲೆಯೂ ಅದರ ಮಿತಿಯೂ ಅವರಿಗೆ ಗೊತ್ತಿತ್ತು.

ವಿದ್ಯೆಗೂ ಕರುಣೆಗೂ ಹಗೆಯಿಲ್ಲ ಎಂಬುದಕ್ಕೆ ನಮ್ಮ ಮುಂಬಯಿಯೇ ಸಾಕ್ಷಿ. ಕರಾವಳಿಯಿಂದ ಬಂದ ಎಷ್ಟೋ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತರು. ಸಂಬಳದ ಪಾಲು ಮನಿಯಾರ್ಡರಾಗಿ ಊರಿಗೆ ಹೋಯಿತು, ಸರ್ಟಿಫಿಕೇಟು ಅವರ ಕೈಗೆ ಬಂತು. ಪುಟ್ಟುವಿನ ಓದು, ಮಾಧುವಿನ ಮನಸ್ಸು ಒಬ್ಬನಲ್ಲೇ ಕೂಡಿದ ಉದಾಹರಣೆಗಳು ಇವು. ತಮ್ಮನ ಫೀಸಿಗಾಗಿ ತನ್ನ ಓದು ನಿಲ್ಲಿಸಿದ ಅಣ್ಣಂದಿರೂ ಅಕ್ಕಂದಿರೂ ಇದೇ ನಗರದಲ್ಲಿ ಬಾಳಿದರು. ಅವರ ಹೆಸರು ಯಾವ ಸ್ಮರಣ ಸಂಚಿಕೆಯಲ್ಲೂ ಬರಲಿಲ್ಲ.

ಈ ನಗರದ ಮನೆಗಳಿಗೂ ಬೆಂಕಿ ಬಿದ್ದದ್ದುಂಟು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಸಂಬಳ ನಿಂತಿತು. ಲಾಲ್‌ಬಾಗ್, ಪರೇಲ್‌ಗಳ ಚಾಳುಗಳಲ್ಲಿ ಒಲೆ ಉರಿಯುತ್ತಿರಲು ಊಟದ ಡಬ್ಬಿ ಮಾಡಿ ಕೊಟ್ಟ, ತರಕಾರಿ ಮಾರಿದ ಹೆಂಗಸರು ಕಾರಣ. ಶಾಲೆ ಬಿಟ್ಟು ದುಡಿಮೆಗಿಳಿದ ಮಕ್ಕಳು ಕಾರಣ. ಮುಷ್ಕರದ ಸೋಲುಗೆಲುವುಗಳ ಚರ್ಚೆ ಬಹಳ ನಡೆದಿದೆ. ಆ ಮಾಧುಗಳ ಲೆಕ್ಕವನ್ನು ಬರೆದಿಟ್ಟವರು ಕಡಿಮೆ.

ಇನ್ನು ಸರ್ಕಾರದ ಮಾತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಆ ಕಾಯಿದೆ ತಿಂಗಳಿಗೆ 10,000 ರೂಪಾಯಿಗಳವರೆಗೆ ಜೀವನಾಂಶ ಕೊಡಿಸಲು ನ್ಯಾಯಮಂಡಳಿಗೆ ಅಧಿಕಾರ ಕೊಟ್ಟಿತು. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆವಾಸವನ್ನೂ ಗೊತ್ತುಮಾಡಿತು. ಅಂಥ ಕಾಯಿದೆ ಬೇಕಾಯಿತೆಂಬುದೇ ನಮ್ಮ ಕಾಲದ ಕಥೆ. ಕಾಯಿದೆ ಹಣ ಕೊಡಿಸೀತು. ಜ್ವರದ ರಾತ್ರಿಯಲ್ಲಿ ಹಾಸಿಗೆಯ ಬಳಿ ಕೂರಿಸಲಾರದು. ಅದು ಬಾಲ್ಯದಿಂದ ಬರಬೇಕಾದ ಅಭ್ಯಾಸ.

ಹಾಗಾದರೆ ನಾವು ಮಾಡಬೇಕಾದುದೇನು? ದಾದರಿನಿಂದ ಡೊಂಬಿವಲಿಯವರೆಗೆ ನಮ್ಮ ಸಂಘಗಳು ವರ್ಷವರ್ಷವೂ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ಹೆಚ್ಚು ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಹಾರ ಹಾಕುತ್ತೇವೆ. ಅದು ನಡೆಯಲಿ, ಅವರ ಶ್ರಮ ದೊಡ್ಡದೇ. ಆದರೆ ಹಾಸಿಗೆ ಹಿಡಿದ ಅಜ್ಜಿಗೆ ನಿತ್ಯವೂ ಊಟ ಮಾಡಿಸಿ, ತಂದೆಯ ನೌಕರಿ ಹೋದಾಗ ತಾನೂ ದುಡಿದು, ಅದರ ನಡುವೆಯೇ ನಲವತ್ತು ಅಂಕ ಪಡೆದ ಹುಡುಗಿ ಸಭೆಯ ಕೊನೆಯ ಸಾಲಿನಲ್ಲಿ ಕುಳಿತಿರುತ್ತಾಳೆ. ಈ ವರ್ಷ ಅವಳ ಹೆಸರನ್ನೂ ಕೂಗಿ ಎಂಬುದು ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ. ಕೈಲಾಸಂ ಅವರಿಗೆ ನಾವು ಸಲ್ಲಿಸಬಹುದಾದ ಗೌರವವೂ ಅದೇ.